ಹಗ್ಗದುದ್ದದ ತಿರುವು

ಹೊಳೆಯ ಈ ದಡದಲ್ಲಿ ಹಾಲಯ್ಯ ಗುರುಗಳ ಆಶ್ರಮ. ಆ ದಡದಲ್ಲಿ ಇನ್ನೊಂದು ಆಶ್ರಮ. ಎರಡೂ ಕಡೆಯವರು ಸೇರಿ ಹೊಳೆ ನಡುವಿನ ದಿಬ್ಬದ ಮೇಲೆ ಕಂಬದಿಂದ ಕಂಬಕ್ಕೆ ಗೋಡೆ ಬರುವ ಒಂದು ದುಂಡು ಮಂಟಪ ಕಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಗುರುಗಳ ಶಿಷ್ಯೆ ರೇವಕ್ಕ ಹರಿಗೋಲಿನಿಂದ ಇಳಿದವಳೇ ಕಣ್ಣೊರೆಸಿಕೊಂಡಳು.

"ಕೆಲಸ ನಿಂತುಹೋಯಿತು ಗುರುಗಳೇ. ನನ್ನಿಂದಲೇ."

"ಏನಾಯಿತು ತಾಯಿ?"

"ಮೊದಲ ಕಂಬದಿಂದ ಅರವತ್ತು ತಿರುಗಿ ಎರಡನೆಯದಕ್ಕೆ ಗುಂಡಿ ತೋಡಿ ಅಂತ ಅವರಿಗೆ ಹೇಳಿ ಬಂದಿದ್ದೆ. ತೋಡಿದ್ದಾರೆ. ಆದರೆ ನಮ್ಮ ಗುರುತಿಗಿಂತ ಈಚೆಗೇ ತೋಡಿದ್ದಾರೆ."

"ಅರವತ್ತು ಏನು?"

ರೇವಕ್ಕ ತಲೆ ತಗ್ಗಿಸಿದಳು. "ಡಿಗ್ರಿ. ಅದನ್ನು ಹೇಳಲಿಲ್ಲ. ನಮಗೆ ಒಂದು ಸುತ್ತು ಅಂದರೆ ಮುನ್ನೂರ ಅರವತ್ತು ಡಿಗ್ರಿ. ಅವರು ನಾನೂರು ಪಾಲು ಮಾಡುತ್ತಾರಂತೆ. ನಮ್ಮ ಅರವತ್ತು ಅವರಿಗೆ ಅರವತ್ತಾರು ದಾಟುತ್ತದೆ. ನಿಮ್ಮ ಲೆಕ್ಕವೇ ತಪ್ಪು ಅಂತ ಅವರು, ನಿಮ್ಮದೇ ತಪ್ಪು ಅಂತ ನಮ್ಮವರು. ಮಾತು ಬಿಟ್ಟಿದ್ದಾರೆ. ಯಾರದು ಸರಿ?"

"ಒಂದು ರೊಟ್ಟಿಯನ್ನು ನೀನು ನಾಲ್ಕು ತುಂಡು ಮಾಡಿದೆ. ಅಂಥದೇ ರೊಟ್ಟಿಯನ್ನು ನಾನು ಐದು ಮಾಡಿದೆ. ಯಾರ ರೊಟ್ಟಿ ದೊಡ್ಡದು?"

"ಎರಡೂ ಒಂದೇ ಅಲ್ಲವೇ!" ಎಂದವಳು ತುಸು ಯೋಚಿಸಿದಳು. "ಹಾಗಾದರೆ ನಾವು ತುಂಡು ಮಾಡಿಕೊಂಡ ಅಳತೆ ಬಿಟ್ಟು, ದುಂಡು ತಾನಾಗಿ ಕೊಡುವ ಅಳತೆ ಇಲ್ಲವೇ?"

ಗುರುಗಳು ಎದ್ದು ಹರಿಗೋಲು ಹತ್ತಿದರು.

ದಿಬ್ಬದ ಮೇಲೆ ಆ ದಡದ ಶಿಷ್ಯ ಜಡೆಪ್ಪ ಗುದ್ದಲಿ ಬದಿಗಿಟ್ಟು ಮುಖ ಊದಿಸಿಕೊಂಡು ಕೂತಿದ್ದ. ನಡುವಿನ ಗೂಟದಲ್ಲಿ, ದುಂಡು ಗೆರೆ ಎಳೆದಿದ್ದ ಹಗ್ಗ ಇನ್ನೂ ಕಟ್ಟಿಯೇ ಇತ್ತು; ಗೂಟದಿಂದ ಗೆರೆಯವರೆಗೆ ಎಷ್ಟೋ ಅಷ್ಟೇ ಉದ್ದ.

ಗುರುಗಳು ಅದನ್ನು ಬಿಚ್ಚಿ ರೇವಕ್ಕನ ಕೈಗೆ ಕೊಟ್ಟರು. "ಮೊದಲ ಕಂಬದಿಂದ ಶುರುಮಾಡಿ ಗೆರೆಯ ಮೇಲೇ ಹಾಸು."

ಅವಳು ಬಾಗಿದ ಗೆರೆಗುಂಟ ಹಗ್ಗ ಹಾಸಿದಳು. ಅದು ಮುಗಿದಲ್ಲಿ ಒಂದು ಕಲ್ಲಿಟ್ಟಳು.

"ಗೂಟದ ಹತ್ತಿರ ನಿಂತುಕೋ. ಕಂಬ ನೋಡು. ಈಗ ಕಲ್ಲಿನ ಕಡೆ ತಿರುಗು. ಎಷ್ಟು ತಿರುಗಿದೆ?"

ಗೆರೆಯ ಮೇಲೆ ತಮ್ಮವರು ಹಾಕಿದ್ದ ಗುರುತುಗಳನ್ನು ಅವಳು ಎಣಿಸಿದಳು. "ಐವತ್ತೇಳು ಡಿಗ್ರಿ ದಾಟಿತು."

"ಅರವತ್ಮೂರು ಪಾಲು ದಾಟಿತು!" ಜಡೆಪ್ಪ ತನ್ನವರ ಗುರುತು ನೋಡಿ ಕೂತಲ್ಲಿಂದಲೇ ಕೂಗಿದ.

"ಒಂದು ಹಗ್ಗ," ಎಂದರು ಗುರುಗಳು. "ಪಟ್ಟಣದ ಶಾಲೆಯಲ್ಲಿ ಈ ತಿರುವಿಗೆ ಒಂದು ರೇಡಿಯನ್ ಅಂತಾರೆ."

ರೇವಕ್ಕನಿಗೆ ಅನುಮಾನ ಬಂತು. "ಹಗ್ಗ ಗಿಡ್ಡದಾದರೆ?"

"ನನ್ನನ್ನೇಕೆ ಕೇಳುತ್ತೀ?"

ಅವಳು ಹಗ್ಗವನ್ನು ಎರಡು ಮಡಿಕೆ ಮಾಡಿ ಒಳಗೊಂದು ಚಿಕ್ಕ ದುಂಡು ಎಳೆದಳು. ಕಂಬದ ನೇರಕ್ಕೆ ಶುರುಮಾಡಿ, ಅದರ ಗೆರೆಯ ಮೇಲೆ ಆ ಗಿಡ್ಡ ಹಗ್ಗವನ್ನೇ ಹಾಸಿ ಇನ್ನೊಂದು ಕಲ್ಲಿಟ್ಟಳು. ಗೂಟದಿಂದ ನೋಡಿದರೆ ಎರಡು ಕಲ್ಲೂ ಒಂದೇ ನೇರಕ್ಕೆ!

"ಜಡೆಪ್ಪಣ್ಣ, ಬಾ ಇಲ್ಲಿ! ಒಂದು ಕಣ್ಣು ಮುಚ್ಚಿ ನೋಡು!"

ಅವನು ನೋಡಿದ. ಇನ್ನೊಂದು ಕಣ್ಣನ್ನೂ ಮುಚ್ಚಿ ನಕ್ಕುಬಿಟ್ಟ. "ದುಂಡು ಚಿಕ್ಕದೋ ದೊಡ್ಡದೋ, ತಿರುವು ಮಾತ್ರ ಒಂದೇ ತಂಗೀ!"

"ಕಂಬದಿಂದ ಕಂಬಕ್ಕೆ ಒಂದೊಂದು ಹಗ್ಗ ಇಟ್ಟರಾಯಿತು. ನಮ್ಮ ಅರವತ್ತೂ ಬೇಡ, ನಿಮ್ಮದೂ ಬೇಡ."

ಜಡೆಪ್ಪ ತಾನು ತೋಡಿದ್ದ ಗುಂಡಿಯನ್ನು ತಾನೇ ಮುಚ್ಚಿದ. ಎರಡೂ ದಡದವರು ಬಂದರು. ಹಗ್ಗದ ಒಂದು ತುದಿ ಇವರು ಹಿಡಿದರೆ ಇನ್ನೊಂದು ತುದಿ ಅವರು. ಅರ್ಧ ಸುತ್ತಿಗೆ ಮೂರು ಹಗ್ಗ ದಾಟಿದಾಗ ಯಾರೋ ಹಾಡು ಶುರುಮಾಡಿದರು. ಗುಂಡಿಗೊಂದು ನಗು, ಗುಂಡಿಗೊಂದು ತಮಾಷೆ. ರೇವಕ್ಕನ ಸೆರಗೆಲ್ಲ ಮಣ್ಣು.

ಆರನೆಯ ಹಗ್ಗ ಹಾಸಿದ ಮೇಲೆ ಅವಳು ಗಕ್ಕನೆ ನಿಂತಳು. ಮೊದಲ ಕಂಬ ಇನ್ನೂ ಒಂದಿಷ್ಟು ಆಚೆಗಿತ್ತು. ಹಗ್ಗದ ಕಾಲುಭಾಗ ಇಟ್ಟು ನೋಡಿದಳು, ಸಾಲದು. ಮೂರರಲ್ಲೊಂದು ಭಾಗ ಇಟ್ಟಳು, ಹೆಚ್ಚಾಯಿತು. ಹೇಗೆ ಮಡಿಚಿದರೂ ಸರಿಹೋಗಲೊಲ್ಲದು.

ಅವಳ ಮುಖ ಬಾಡಿತು.

"ಗುರುಗಳೇ, ಇಷ್ಟೆಲ್ಲ ಮಾಡಿದ ಮೇಲೂ ಚೂರು ಜಾಗ ಉಳಿದುಬಿಟ್ಟಿತಲ್ಲ. ದುಂಡು ಮುಚ್ಚುತ್ತಲೇ ಇಲ್ಲ."

ಗುರುಗಳು ಆ ಜಾಗದಲ್ಲಿ ಹೋಗಿ ನಿಂತರು. ಎರಡೂ ಕೈ ಚಾಚಿ ನೋಡಿದರು. ಅತ್ತ ಮೊದಲ ಕಂಬ, ಇತ್ತ ಕೊನೆಯ ಕಂಬದ ಗುಂಡಿ, ನಡುವೆ ಒಬ್ಬರು ಆರಾಮಾಗಿ ದಾಟುವಷ್ಟು ಜಾಗ.

"ಮುಚ್ಚಿಬಿಟ್ಟಿದ್ದರೆ ಜನ ಒಳಗೆ ಬರುವುದು ಎಲ್ಲಿಂದ, ರೇವಾ?"