ಕರಡಮ್ಮನ ಹೊನ್ನೆ

ಕೊಂಡಾರೆ ಕಣಿವೆಯ ನೆತ್ತಿಯಲ್ಲಿ, ದಾರಿ ಎರಡು ಬೆಟ್ಟಗಳ ನಡುವೆ ತಿರುಗುವಲ್ಲಿ, ಇಬ್ಬರು ತಬ್ಬಿದರೂ ಕೈಗೆ ಕೈ ಎಟುಕದಷ್ಟು ದಪ್ಪನೆಯ ಒಂದು ಹೊನ್ನೆ ಮರವಿದೆ. ಅದರ ಪಕ್ಕದಲ್ಲಿ ಅರಣ್ಯ ಇಲಾಖೆಯವರು ಈಚೆಗೆ ಒಂದು ತಗಡಿನ ಫಲಕ ನಿಲ್ಲಿಸಿದ್ದಾರೆ. ಟೋಪಿ ಹಾಕಿಕೊಂಡ ಕರಡಿಯೊಂದು ಹಲ್ಲು ಕಿರಿಯುತ್ತ 'ಕಾಡಿಗೆ ಬೆಂಕಿ ಹಚ್ಚಬೇಡಿ' ಎಂದು ಅದರಲ್ಲಿ ಬುದ್ಧಿ ಹೇಳುತ್ತದೆ. ಬಂದವರು ಅದರ ಜೊತೆ ಫೋಟೊ ತೆಗೆಸಿಕೊಂಡು, ಮರಕ್ಕೆ 'ಕರಡಮ್ಮನ ಹೊನ್ನೆ' ಎಂಬ ಹೆಸರು ಈ ಟೋಪಿ ಕರಡಿಯಿಂದಲೇ ಬಂತೆಂದು ತಿಳಿದು ಹೋಗುತ್ತಾರೆ. ಫಲಕಕ್ಕೆ ಇನ್ನೂ ಐದು ವರ್ಷ ತುಂಬಿಲ್ಲ. ಮರವನ್ನು ನನ್ನ ಮುತ್ತಜ್ಜ ಸಸಿಯಾಗಿ ನೋಡಿದ್ದರು. ಆದ್ದರಿಂದ ಇದನ್ನು ಬರೆದಿಡದೆ ನನಗೆ ಸಮಾಧಾನವಿಲ್ಲ.

ಹಿಂದೆ ಒಮ್ಮೆ, ಅರಸರ ಆಳ್ವಿಕೆಯಲ್ಲಿ ಬೆಟ್ಟಕ್ಕೆ ಮೊದಲ ಸಲ ಖಾಕಿ ಬಟ್ಟೆ ಹತ್ತಿದ ಕಾಲದಲ್ಲಿ, ಕಣಿವೆಯ ಕೆಳಗಿನ ಸೋಲಿಗರ ಪೋಡಿನಲ್ಲಿ, ಎಂದರೆ ಅವರ ಹಾಡಿಯಲ್ಲಿ, ಒಂದು ಪದ್ಧತಿಯಿತ್ತು ಎನ್ನುತ್ತಾರೆ. ಪುಷ್ಯ ಮಾಸದಲ್ಲಿ, ನೆಲದಲ್ಲಿ ಇನ್ನೂ ಇಬ್ಬನಿಯ ತೇವವಿರುವಾಗಲೇ, ಉದುರಿದ ತರಗಿಗೆ ಸಣ್ಣಗೆ ಬೆಂಕಿ ಇಡುತ್ತಿದ್ದರು. ಹಾಗೆ ಸುಟ್ಟ ನೆಲದಲ್ಲಿ ಬೇಸಗೆಯ ದೊಡ್ಡ ಬೆಂಕಿಗೆ ತಿನ್ನಲು ಏನೂ ಉಳಿಯುತ್ತಿರಲಿಲ್ಲ. ಈ ಕೆಲಸದ ಮುಂದಾಳು ಕರಡಿ. ಕರಿ ಕಂಬಳಿ ಹೊದ್ದು, ಮರದ ಮೂತಿ ಕಟ್ಟಿಕೊಂಡ ಒಬ್ಬರು ಕೋಲಿನಿಂದ ನೆಲ ಬಡಿಯುತ್ತ ಮುಂದೆ ಹೋದರೆ ಮೊಲ, ಕೌಜುಗಗಳೆಲ್ಲ ಎದ್ದು ಓಡಿ ಜೀವ ಉಳಿಸಿಕೊಳ್ಳುತ್ತಿದ್ದವು. ಕರಡಿ ಎಲ್ಲಿ ಕುಳಿತುಕೊಂಡಿತೋ ಅಲ್ಲಿಗೆ ಬೆಂಕಿ ನಿಲ್ಲಬೇಕು. ಉಳಿದವರು ಹಸಿ ಸೊಪ್ಪಿನಿಂದ ಬಡಿದು ಆರಿಸುತ್ತಿದ್ದರು. ಆ ಕಾಲಕ್ಕೆ ಕರಡಿಯಾಗುತ್ತಿದ್ದವಳು ಬೇದಮ್ಮ ಎಂಬ ನಡುವಯಸ್ಸಿನ ಹೆಂಗಸು. ಗಾಳಿಯ ಗುಣ ಅವಳಿಗೆ ತಿಳಿದಷ್ಟು ಪೋಡಿನಲ್ಲಿ ಇನ್ನಾರಿಗೂ ತಿಳಿದಿರಲಿಲ್ಲ.

ಹೊಸದಾಗಿ ಬಂದ ಅರಣ್ಯದ ಸಾಹೇಬನಿಗೆ ಹೊಗೆ ಕಂಡರೆ ಮೈ ಉರಿಯುತ್ತಿತ್ತು. ಕಾಡು ಹಾಳು ಮಾಡುವವರೇ ಇವರೆಂದು ತೀರ್ಮಾನಿಸಿ, ಇನ್ನು ಯಾರಾದರೂ ಬೆಂಕಿ ಇಟ್ಟರೆ ಇಡೀ ಪೋಡನ್ನೇ ಬೆಟ್ಟದಿಂದ ಇಳಿಸುವುದಾಗಿ ಹುಕುಂ ಹೊರಡಿಸಿದ. ಬೇದಮ್ಮ ಹೇಳಿ ನೋಡಿದಳು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ಪುಷ್ಯಗಳು ಹಾಗೇ ಕಳೆದವು, ತರಗು ಮೊಣಕಾಲು ಮುಟ್ಟಿತು. ಆ ಫಾಲ್ಗುಣದಲ್ಲಿ ಆಚೆ ಬೆಟ್ಟಕ್ಕೆ ಎಲ್ಲಿಂದಲೋ ಹತ್ತಿದ ಬೆಂಕಿ ಮಟಮಟ ಮಧ್ಯಾಹ್ನ ಕಣಿವೆಯ ಕಡೆ ತಿರುಗಿತು. ಸಾಹೇಬ ಗಾರ್ಡುಗಳೊಂದಿಗೆ ನೆತ್ತಿಗೆ ಓಡಿಬಂದಾಗ ಬೇದಮ್ಮ ಕರಡಿಯ ವೇಷದಲ್ಲಿ, ಕೈಯಲ್ಲಿ ಕೊಳ್ಳಿ ಹಿಡಿದು ನಿಂತಿದ್ದಳು. ಹಿಂದೆ ಪೋಡಿನ ಮಂದಿಯೆಲ್ಲ ಸೊಪ್ಪು ಹಿಡಿದಿದ್ದರು. ಬೆಂಕಿ ಬರುವುದರೊಳಗೆ ನೆತ್ತಿಯ ತರಗನ್ನು ತಾವೇ ಸುಟ್ಟುಬಿಡಬೇಕೆಂಬುದು ಅವಳ ಲೆಕ್ಕ.

"ಹುಕುಂ ಮರೆತುಹೋಯಿತೇ?" ಎಂದು ಸಾಹೇಬ ಗದರಿದ.

"ಆ ಕಾಗ್ದವ ಬೆಂಕಿಗ ತೋರ್ಸಿ ಬುದ್ಧಿ. ಓದ್ಕಂಡು ನಿಂತ್ಕಂಡದಾ ನೋಡವ," ಎಂದವಳೇ ಬೇದಮ್ಮ ಕೊಳ್ಳಿಯನ್ನು ತರಗಿಗೆ ಇಟ್ಟಳು.

ನೆತ್ತಿಯ ಉದ್ದಕ್ಕೂ ಸುಟ್ಟು, ದಾರಿಯ ತಿರುವಿಗೆ ಬಂದಾಗ ಅವಳು ಕುಳಿತುಕೊಂಡಳು. ಮಂದಿ ಅಲ್ಲಿಗೆ ಬಡಿದು ಆರಿಸಿದರು. ದೊಡ್ಡ ಬೆಂಕಿ ಆ ಕರಿ ಪಟ್ಟಿಯವರೆಗೆ ಅಬ್ಬರಿಸಿಕೊಂಡು ಬಂದು, ಏನೂ ಸಿಗದೆ ಸತ್ತಿತು. ಪೋಡಿನ ಒಂದು ಗುಡಿಸಲಿಗೂ ಕಿಡಿ ತಾಗಲಿಲ್ಲ. ಸಾಹೇಬನ ಬಿಡಾರವೂ ಉಳಿಯಿತು. ಆದರೂ ಆ ನಾಚಿಕೆಗೆಟ್ಟ ಮನುಷ್ಯ ಪೋಡನ್ನು ಎಬ್ಬಿಸಲು ಕಾಗದ ಬರೆಯಲು ಕುಳಿತ. ಬೇದಮ್ಮ ಅವನೆದುರು ಹೋಗಿ ನಿಂತಳು. "ಪೋಡಿನವ್ರು ಯಾರೂ ಹಚ್ಲಿಲ್ಲ. ಹಚ್ಚಿದ್ದು ಕರಡಿ. ಕರಡಿಯ ಹಿಡ್ಕಂಡೋಗಿ," ಎಂದು ಮೂತಿ ಬಿಚ್ಚದೆ ಎರಡೂ ಕೈ ಚಾಚಿದಳು. ತಾವು ಕಂಡದ್ದೂ ಕರಡಿಯನ್ನೇ ಎಂದು ಗಾರ್ಡುಗಳು ಸಾಕ್ಷಿ ಹೇಳಿದರು. ಸಾಹೇಬ ಅವಳೊಬ್ಬಳನ್ನೇ ಹಿಡಿಯಬೇಕಾಯಿತು; ಆರು ತಿಂಗಳ ಸಜೆಯಾಯಿತು. ಬೆಟ್ಟದ ಗಾಳಿಗೆ ಒಗ್ಗಿದ ಜೀವ ಪಟ್ಟಣದ ಜೈಲಿನಲ್ಲಿ ನಾಲ್ಕು ತಿಂಗಳೂ ತಡೆಯಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಪೋಡಿನವರು ಅಂದಿನಿಂದ ಅವಳನ್ನು ಕರಡಮ್ಮ ಎಂದೇ ಕರೆದರು, ಅವಳು ಕುಳಿತ ಜಾಗದಲ್ಲಿ ಒಂದು ಹೊನ್ನೆ ಸಸಿ ನೆಟ್ಟರು. ಸರ್ಕಾರಿ ನೆಲವೆಂದು ಸಾಹೇಬ ಅದನ್ನು ಕೀಳಿಸಿದ. ಮರುದಿನ ಇನ್ನೊಂದು ನೆಟ್ಟರು. ಅದನ್ನೂ ಕೀಳಿಸಿದ. ಮೂರನೆಯದನ್ನು ಕೀಳಲು ಗಾರ್ಡ್ ಚೆನ್ನಂಜಯ್ಯನನ್ನು ಕಳಿಸಿದ. ಚೆನ್ನಂಜಯ್ಯ ಹೋಗಿ ಸಸಿಗೆ ಒಂದು ಕೊಡ ನೀರು ಹುಯ್ದು, ಸುತ್ತ ಮುಳ್ಳು ಕಟ್ಟಿ ಬಂದು, 'ಕಿತ್ತು ಹಾಕಲಾಗಿದೆ' ಎಂದು ಬರೆದು ರುಜು ಮಾಡಿದ. ಸರ್ಕಾರದ ದಾಖಲೆಯಲ್ಲಿ ಈ ಮರ ಇವತ್ತಿಗೂ ಇಲ್ಲವಂತೆ.

ಪುಷ್ಯ ಕಳೆದ ಮೇಲೆ ಕಣಿವೆ ಹತ್ತಿದವರು ಈಗಲೂ ನೋಡಬಹುದು. ಮರದ ಸುತ್ತ ಹತ್ತು ಮಾರು ನೆಲ ಅಂಚು ತೀಡಿದಂತೆ ಕಪ್ಪಗೆ ಸುಟ್ಟಿರುತ್ತದೆ, ಕಾಂಡಕ್ಕೆ ಮಸಿಯೂ ತಾಗಿರುವುದಿಲ್ಲ. ಪ್ರತಿ ವರ್ಷ ಅಧಿಕಾರಿಗಳು ಪೋಡಿಗೆ ಬಂದು, ಇದನ್ನು ಹಚ್ಚಿದವರು ಯಾರೆಂದು ಮನೆಮನೆಗೂ ಹೋಗಿ ವಿಚಾರಿಸುತ್ತಾರೆ. ಪ್ರತಿ ಮನೆಯಿಂದಲೂ ಒಂದೇ ಉತ್ತರ ಬರುತ್ತದೆ: "ಕರಡಿ, ಬುದ್ಧಿ. ಹಿಡ್ಕಂಡೋಗಿ."