ಬೆನ್ನಿಗೆ ಮಣ್ಣು ಕಾಣದ ಕೆಂಚಣ್ಣ

ಬಹಳ ಬಹಳ ಹಿಂದೆ, ಹೊಳೆಯ ಬದಿಯ ಒಂದು ಊರಿನಲ್ಲಿ ಕೆಂಚಣ್ಣ ಅನ್ನುವ ಕುಸ್ತಿ ಕಲಿಸುವ ಉಸ್ತಾದನೊಬ್ಬ ಇದ್ದನಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ನನಗೆ ಹೇಳಿದ್ದು ನನ್ನಜ್ಜಿ, ಅವಳಿಗೆ ಹೇಳಿದ್ದು ಅವಳಜ್ಜಿ, ಆ ಅಜ್ಜಿಯನ್ನು ಕೇಳಿದರೂ ‘ಬಹಳ ಹಿಂದೆ’ ಅಂತಲೇ ಅನ್ನುತ್ತಿದ್ದಳಂತೆ. ಆಗ ಹೊಳೆಗೆ ಸೇತುವೆ ಇರಲಿಲ್ಲ, ಊರಿಗೆ ಗಾಡಿದಾರಿ ಇರಲಿಲ್ಲ, ಆದರೆ ಗರಡಿಮನೆ ಇತ್ತು. ಅಷ್ಟು ಗೊತ್ತಿದ್ದರೆ ಸಾಕು, ಕೇಳಿ.

ಆ ಗರಡಿಮನೆಯ ಬಾಗಿಲು ಗಿಡ್ಡ. ಎಂಥಾ ಪೈಲ್ವಾನನಾದರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ನಟ್ಟನಡುವೆ ಕುಸ್ತಿ ಆಡುವ ಕೆಂಪು ಮಣ್ಣು. ಅದಕ್ಕೆ ಮಟ್ಟಿ ಅನ್ನುತ್ತಾರೆ. ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ, ಕುಂಕುಮ ಹಾಕಿ ತುಳಿದೂ ತುಳಿದೂ ಆ ಮಣ್ಣನ್ನು ಹಿಟ್ಟಿನ ಹಾಗೆ ನುಣ್ಣಗೆ ಮಾಡಿರುತ್ತಾರೆ. ಮೂಲೆಯಲ್ಲಿ ಹಿತ್ತಾಳೆ ಪಟ್ಟಿ ಬಿಗಿದ ಒಂದು ಮರದ ಗದೆ. ಆ ಗದೆ ಇದ್ದ ಗರಡಿಯೇ ಸುತ್ತಲಿನ ಸೀಮೆಗೆಲ್ಲ ದೊಡ್ಡ ಗರಡಿ.

ಕೆಂಚಣ್ಣ ತೊಡೆ ತಟ್ಟಿದರೆ ಆಚೆ ದಡದ ಕೊಕ್ಕರೆಗಳು ಎದ್ದು ಹಾರುತ್ತಿದ್ದವಂತೆ. ಅವನು ದಂಡ ಹೊಡೆದ ಜಾಗದಲ್ಲಿ ಬೆವರು ಹರಿದು ಮಣ್ಣು ಕೆಸರಾಗುತ್ತಿತ್ತಂತೆ. ನೀವು ಸ್ವಲ್ಪ ಕಮ್ಮಿ ಮಾಡಿಕೊಂಡು ನಂಬಿ, ನಾನೂ ಹಾಗೇ ನಂಬಿರೋದು.

ಆದರೆ ಹುಟ್ಟುತ್ತಲೇ ಅವನು ಹಾಗಿರಲಿಲ್ಲ. ಚಿಕ್ಕಂದಿನಲ್ಲಿ ಅವನಿಗೆ ಉಬ್ಬಸ. ಮೋಡ ಕವಿದರೆ ಸಾಕು, ಎದೆ ಕಟ್ಟುತ್ತಿತ್ತು, ಕೂತಲ್ಲಿಂದ ಏಳಲಾಗುತ್ತಿರಲಿಲ್ಲ. ಅದರ ಮೇಲೆ ಮೂಗಿನ ತುದಿಯಲ್ಲೇ ಕೋಪ. ಉಸಿರಿಲ್ಲದವನ ಕೋಪ ಹೇಗಿರುತ್ತೆ ಹೇಳಿ, ಯಾರನ್ನೂ ಹೊಡೆಯಲಾಗದೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದನಂತೆ. ಅವನವ್ವ ನೋಡಿ ನೋಡಿ ಸಾಕಾಗಿ ಹಳೆಯ ಉಸ್ತಾದನ ಬಾಗಿಲಿಗೆ ತಂದು ಬಿಟ್ಟಳು. ಹಳೆಯ ಉಸ್ತಾದ ಪಟ್ಟು ಕಲಿಸಲಿಲ್ಲ, ವರಸೆ ಕಲಿಸಲಿಲ್ಲ. ಕೈಗೆ ಗುದ್ದಲಿ ಕೊಟ್ಟು ದಿನಾ ಬೆಳಿಗ್ಗೆ ಮಟ್ಟಿ ಅಗೆ ಅಂದನಂತೆ.

ಕೆಂಚಣ್ಣ ಅಗೆದ. ಮೊದಮೊದಲು ನಾಲ್ಕು ಏಟಿಗೇ ಏದುಸಿರು ಬಂದು ಗುದ್ದಲಿಯ ಮೇಲೆ ಒರಗುತ್ತಿದ್ದ. ಆಮೇಲೆ ಗುದ್ದಲಿ ಎತ್ತುವಾಗ ಉಸಿರು ಎಳೆದುಕೊಳ್ಳುವುದು, ಇಳಿಸುವಾಗ ಬಿಡುವುದು ತಾನಾಗಿ ಬಂತು. ಆಮೇಲೆ ದಂಡ, ಬಸ್ಕಿ. ಹಸಿವು ಹೆಚ್ಚಿತು, ಮುದ್ದೆ ಉಂಡಿದ್ದು ಮೈಗೆ ಹತ್ತಿತು. ಒಂದು ಮಳೆಗಾಲ ಬಂದು ಹೋಯಿತು, ಎದೆ ಕಟ್ಟಲೇ ಇಲ್ಲ. ಕೈ ಕಚ್ಚಿಕೊಳ್ಳುವುದು ಎಂದು ನಿಂತಿತೋ ಅವನಿಗೇ ನೆನಪಿಲ್ಲ. ಇವತ್ತಿಗೂ ಗರಡಿಯವರು ಹೇಳುತ್ತಾರೆ, ಕೋಪ ಬಂದರೆ ಮೊದಲು ಹೋಗಿ ಮಟ್ಟಿ ಅಗೆ, ಆಮೇಲೂ ಉಳಿದಿದ್ದರೆ ಜಗಳಕ್ಕೆ ಬಾ ಅಂತ. ಯಾರೂ ವಾಪಸು ಬಂದಿದ್ದು ನಾನು ಕಂಡಿಲ್ಲ.

ಹಳೆಯ ಉಸ್ತಾದ ಸಾಯುವಾಗ ಗದೆಯನ್ನು ಕೆಂಚಣ್ಣನ ಕೈಗೆ ಕೊಟ್ಟ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋತ ಹಾಗೆ, ಅದು ನಿಮಗೂ ಗೊತ್ತು. ಉಸ್ತಾದನ ಬೆನ್ನಿಗೆ ಮಣ್ಣು ಹತ್ತದ ತನಕ ಗದೆ ನಮ್ಮ ಗರಡಿಯದು, ಹತ್ತಿದ ದಿನ ಕೆಡವಿದವರ ಗರಡಿಯದು ಅಂತ ಹೇಳಿ ಕಣ್ಣು ಮುಚ್ಚಿದನಂತೆ. ಅವತ್ತಿನಿಂದ ಕೆಂಚಣ್ಣ ಬೀಳಲಿಲ್ಲ. ಹೊಳೆಯ ಆಚೆ ದಡದ ಗರಡಿಯಲ್ಲಿ ಮದಾರ್ ಸಾಬಿ ಅಂತ ಇನ್ನೊಬ್ಬ ಉಸ್ತಾದ. ವರ್ಷಾ ವರ್ಷಾ ದೋಣಿ ದಾಟಿ ಬಂದು ಹಿಡಿಯುತ್ತಿದ್ದ, ತಿಣುಕುತ್ತಿದ್ದ, ಹೋಗುತ್ತಿದ್ದ. ಕೆಂಚಣ್ಣನ ಬೆನ್ನಿಗೆ ಮಣ್ಣು ಹತ್ತಲಿಲ್ಲ.

ಹೆಸರು ದೊಡ್ಡದಾಯಿತು. ಹೆಸರು ದೊಡ್ಡದಾದಷ್ಟೂ ಕೆಂಚಣ್ಣನಿಗೆ ಹೆದರಿಕೆ ಹೆಚ್ಚಾಯಿತು. ಮಲಗುವಾಗಲೂ ಅವನು ಮಗ್ಗುಲಾಗಿಯೇ ಮಲಗುತ್ತಿದ್ದನಂತೆ. ನಿದ್ದೆಯಲ್ಲಿ ಹೊರಳಿ ಅಂಗಾತ ಆಗಿಬಿಟ್ಟೇನು ಅಂತ ಬೆನ್ನ ಹಿಂದೆ ಒಂದು ರಾಗಿಮೂಟೆ ಒತ್ತಿಟ್ಟುಕೊಳ್ಳುತ್ತಿದ್ದನಂತೆ. ಅವನ ಹೆಂಡತಿ ನಗುತ್ತಿದ್ದಳಂತೆ. ಅವಳಲ್ಲದೆ ಇನ್ಯಾರೂ ನಗುತ್ತಿರಲಿಲ್ಲ.

ಅದೇ ಊರಲ್ಲಿ ಸಿದ್ದವ್ವ ಅಂತ ಗಾಣದ ಮನೆಯವಳು. ಗರಡಿಗೆ ಎಳ್ಳೆಣ್ಣೆ ತಂದು ಕೊಡುತ್ತಿದ್ದವಳು ಅವಳೇ. ಅವಳ ಚೊಚ್ಚಲ ಮಗ ಅಂಬೆಗಾಲಿಡುವಾಗ ಜಗಲಿಯಿಂದ ಉರುಳಿ ಕಲ್ಲುಚಪ್ಪಡಿಯ ಮೇಲೆ ಬಿದ್ದು ತೀರಿಹೋಗಿದ್ದ. ಆಮೇಲೆ ಹುಟ್ಟಿದವಳು ಹೊನ್ನಿ. ಸಿದ್ದವ್ವ ಹೊನ್ನಿಯನ್ನು ನೆಲಕ್ಕೇ ಬಿಡಲಿಲ್ಲ. ಗಾಣ ಆಡಿಸುವಾಗಲೂ ಸೊಂಟದ ಮೇಲೆ, ನೀರು ಸೇದುವಾಗಲೂ ಸೊಂಟದ ಮೇಲೆ. ವಾರಿಗೆಯ ಮಕ್ಕಳು ಮರ ಹತ್ತುವ ಹೊತ್ತಿಗೂ ಹೊನ್ನಿ ಅವ್ವನ ಸೊಂಟದ ಮೇಲೆ. ಕಾಲು ಜೋತು ಬಿದ್ದು ಬಿದ್ದು ಹುರುಳಿಕಡ್ಡಿಯ ಹಾಗೆ ಸಣ್ಣಗಾದವು.

ನಾಟಿ ಪಂಡಿತ ನೋಡಿ ಹೇಳಿದನಂತೆ, ಕಾಲಿನಲ್ಲಿ ಐಬಿಲ್ಲ, ಆದರೆ ಈ ಮಳೆಗಾಲ ಕಳೆಯುವುದರೊಳಗೆ ಮಗು ನೆಲದ ಮೇಲೆ ನಿಲ್ಲದಿದ್ದರೆ ಇನ್ನು ನಿಲ್ಲುವುದಿಲ್ಲ ಅಂತ. ಸಿದ್ದವ್ವ ಅಳುತ್ತಾ ಗರಡಿಯ ಬಾಗಿಲಿಗೆ ಬಂದಳು. ಕೆಂಚಣ್ಣ ಹೊನ್ನಿಯನ್ನು ಹೊಸ್ತಿಲ ಹೊರಗೆ ಕೂರಿಸಿಕೊಂಡು ಅವಳವ್ವ ತಂದ ಎಣ್ಣೆಯಿಂದಲೇ ದಿನಾ ಬೆಳಿಗ್ಗೆ ಕಾಲು ತಿಕ್ಕಿದ. ಬಂಡೆಯಂಥಾ ಕೈ ಅಂತೆ, ಆದರೆ ಮಗುವಿನ ಕಾಲು ಹಿಡಿದಾಗ ಬೆಣ್ಣೆ ತೆಗೆಯುವ ಹಾಗೆ ಹಿಡಿಯುತ್ತಿದ್ದನಂತೆ. ಸ್ವಲ್ಪ ದಿನಕ್ಕೆ ಹೊನ್ನಿ ಅವನ ಅಂಗೈಗೆ ಒದೆಯತೊಡಗಿದಳು. ಕಾಲಿಗೆ ಕಸುವು ಬಂತು.

ಆದರೂ ನಿಲ್ಲಲಿಲ್ಲ. ಕೆಂಚಣ್ಣ ನಿಲ್ಲಿಸಿ ಕೈ ಬಿಟ್ಟ ಕೂಡಲೇ ಮಗು ಓಲಾಡುವುದು, ಸಿದ್ದವ್ವ ಅಯ್ಯೋ ಅಂತ ಕಿರುಚಿ ಬಾಚಿ ಎತ್ತಿಕೊಳ್ಳುವುದು. ಅವ್ವನ ಮುಖ ನೋಡಿಯೇ ಮಗುವಿನ ಜೀವ ಹಾರುತ್ತಿತ್ತು. ದಿನಾ ಇದೇ ಆಯಿತು, ಮಳೆಗಾಲ ಅರ್ಧ ಕಳೆಯಿತು. ಒಂದು ದಿನ ಕೆಂಚಣ್ಣ ತಾಳ್ಮೆ ಕೆಟ್ಟು ಗದರಿದ.

“ಬೀಳ್ಲಿ ಬಿಡು ಸಿದ್ದವ್ವಾ! ಬಿದ್ರೆ ಏನಾಯ್ತದೆ? ಎದ್ದೇಳ್ತಾಳೆ.”

ಸಿದ್ದವ್ವ ಮಗುವನ್ನು ಎದೆಗೆ ಒತ್ತಿಕೊಂಡು ಅವನನ್ನು ನೋಡಿದಳು. ಹೆದರಿದವಳಿಗೆ ಒಂದೊಂದು ಸಲ ಎಲ್ಲಿಲ್ಲದ ಧೈರ್ಯ ಬರುತ್ತೆ.

“ನೀನು ಬಿದ್ದು ಎಷ್ಟು ಕಾಲ ಆಯ್ತಣ್ಣ? ಬೆನ್ಗೆ ಒಂಚೂರು ಮಣ್ಣು ಹತ್ತೀತು ಅಂತ ಅಂಗಾತ ಮಲಗಕ್ಕೂ ಹೆದರ್ತೀಯಂತೆ. ನನ್ ಕೂಸಿಗೆ ಬೀಳು ಅಂತ ಹೇಳಕ್ಕೆ ನಿಂಗೆ ಬಾಯಾದ್ರೂ ಹೆಂಗೆ ಬತ್ತದೆ?”

ಅವಳು ಹೋದ ಮೇಲೂ ಕೆಂಚಣ್ಣ ಎಣ್ಣೆಕೈಯಲ್ಲೇ ಕೂತಿದ್ದನಂತೆ.

ಮಾರನೆಯ ದಿನ ಶಿಷ್ಯರೆಲ್ಲ ಹೋದ ಮೇಲೆ ಅವನು ಬಾಗಿಲು ಹಾಕಿಕೊಂಡು ಮಟ್ಟಿಗೆ ಇಳಿದ. ಸುಮ್ಮನೆ ಹಿಂದಕ್ಕೆ ಬಿದ್ದು ನೋಡೋಣ ಅಂದುಕೊಂಡ. ಕಣ್ಣು ಮುಚ್ಚಿ ಹಿಂದಕ್ಕೆ ವಾಲಿದ. ಇನ್ನೇನು ಬೆನ್ನು ತಾಗಬೇಕು, ಮೈ ತಾನಾಗಿ ತಿರುಗಿ ಬೆಕ್ಕಿನ ಹಾಗೆ ಕೈಯೂರಿ ನಿಂತಿತು. ಮತ್ತೆ ವಾಲಿದ, ಮತ್ತೆ ತಿರುಗಿತು. ಎಷ್ಟೋ ವರ್ಷ ಸಾಮು ಮಾಡಿ ಮೈಗೆ ಒಂದೇ ಪಾಠ ಕಲಿಸಿದ್ದ, ಈಗ ಮೈ ಅವನ ಮಾತು ಕೇಳಲಿಲ್ಲ. ಆಗ ಅವನಿಗೆ ತಿಳಿಯಿತಂತೆ, ಸಿದ್ದವ್ವನ ಹೆದರಿಕೆಗೂ ತನ್ನ ಹೆದರಿಕೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂತ. ಅವಳು ಮಗುವನ್ನು ಹೊತ್ತಿದ್ದಾಳೆ, ತಾನು ಹೆಸರನ್ನು ಹೊತ್ತಿದ್ದೇನೆ, ಇಬ್ಬರೂ ಕೆಳಗಿಳಿಸಲಾರೆವು ಅಂತ. ಆ ದೊಡ್ಡ ಮನುಷ್ಯ ಮಣ್ಣಲ್ಲಿ ಮಂಡಿಯೂರಿ ಅತ್ತನಂತೆ. ಅಳಲಿಲ್ಲ ಅಂತ ಹೇಳುವವರೂ ಇದ್ದಾರೆ. ನಾನು ಅತ್ತ ಅಂತಲೇ ಹೇಳುತ್ತೇನೆ.

ನಾಗರ ಪಂಚಮಿ ಬಂತು. ಅವತ್ತು ಗರಡಿ ಪೂಜೆ. ಮಟ್ಟಿಯನ್ನು ಹೊಸದಾಗಿ ಅಗೆದು, ಹೂವು ನಿಂಬೆಹಣ್ಣು ಇಟ್ಟು, ಲೋಬಾನದ ಹೊಗೆ ಹಾಕಿದ್ದರು. ಊರಿಗೆ ಊರೇ ಬಂದು ಬಾಗಿಲಲ್ಲಿ, ಕಿಟಕಿಯಲ್ಲಿ ಮುತ್ತಿಕೊಂಡಿತ್ತು. ಆಚೆ ದಡದಿಂದ ಮದಾರ್ ಸಾಬಿಯೂ ಅವನ ಗರಡಿಯವರೂ ಬಂದಿದ್ದರು. ಸಿದ್ದವ್ವ ಎಣ್ಣೆಯ ಗಡಿಗೆ ತಂದು ಹೊಸ್ತಿಲ ಹೊರಗೆ ನಿಂತಿದ್ದಳು, ಸೊಂಟದ ಮೇಲೆ ಹೊನ್ನಿ.

ಪೂಜೆ ಮುಗಿಯಿತು. ಕೆಂಚಣ್ಣ ಎದ್ದು ಬಾಗಿಲಿಗೆ ಬಂದು ಹೊನ್ನಿಯ ಕಡೆ ಎರಡೂ ಕೈ ಚಾಚಿದ. ಅವನ ಮುಖದಲ್ಲಿ ಏನು ಕಂಡಳೋ, ಸಿದ್ದವ್ವ ಮಗುವನ್ನು ಕೊಟ್ಟಳು. ಅವನು ಮಗುವನ್ನೆತ್ತಿಕೊಂಡು ಮಟ್ಟಿಯ ಕಡೆ ನಡೆದಾಗ ಶಿಷ್ಯರು ಗೊಣಗಿದರಂತೆ, ಹೆಣ್ಣುಮಗುವನ್ನು ಮಟ್ಟಿಗೆ ಇಳಿಸುವುದುಂಟೇ ಅಂತ. ದಿನಾ ಮಣ್ಣನ್ನು ತಾಯಿ ತಾಯಿ ಅಂತ ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತೀರಲ್ಲ, ಅವಳೇನು ಗಂಡಸೇ ಅಂತ ಕೆಂಚಣ್ಣ ಕೇಳಿದನಂತೆ.

ಅವನು ಮಟ್ಟಿಯ ನಡುವೆ ಕುಕ್ಕರಗಾಲಲ್ಲಿ ಕೂತ. ಹೊನ್ನಿಯನ್ನು ಎದುರಿಗೆ ನಿಲ್ಲಿಸಿ ಅವಳ ಎರಡೂ ಅಂಗೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡ.

“ತಳ್ಳು ಮಗಾ,” ಅಂದ. “ಈ ದೊಡ್ಡಪ್ಪನ್ನ ಕೆಡವು ನೋಡಣ.”

ಹೊನ್ನಿ ಅವನ ಮುಖ ನೋಡಿದಳು. ಮೆಲ್ಲಗೆ ತಳ್ಳಿದಳು. ಕೆಂಚಣ್ಣನ ಮೈ ತಿರುಗಲು ನೋಡಿತು. ತೋಳಿನ ನರ ಬಿಗಿದಿದ್ದು ಎಲ್ಲರಿಗೂ ಕಂಡಿತಂತೆ. ಅವನು ಒಂದು ಉಸಿರು ಬಿಟ್ಟ. ಚಿಕ್ಕಂದಿನಲ್ಲಿ ಗುದ್ದಲಿ ಇಳಿಸುವಾಗ ಬಿಡುತ್ತಿದ್ದನಲ್ಲ, ಅದೇ ಉಸಿರು. ಬಿಟ್ಟವನೇ ಧೊಪ್ಪನೆ ಅಂಗಾತ ಬಿದ್ದ. ಬೆನ್ನು ಪೂರ್ತಿ ಮಣ್ಣಿಗೆ.

ಶಿಷ್ಯರು ಮುಖ ಮುಚ್ಚಿಕೊಂಡರು. ಅಷ್ಟರಲ್ಲಿ ಒಂದು ನಗು ಕೇಳಿಸಿತು. ಹೊನ್ನಿ ಕಿಲಕಿಲ ನಗುತ್ತಿದ್ದಳು. ಅಷ್ಟು ದೊಡ್ಡ ಮನುಷ್ಯನನ್ನು ತಾನು ಕೆಡವಿದೆ ಅಂತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಿಡಿದುಕೊಳ್ಳಲು ಎದುರಿಗೆ ಯಾರೂ ಇಲ್ಲ, ತಾನೊಬ್ಬಳೇ ನಿಂತಿದ್ದೇನೆ ಅನ್ನುವುದು ಅವಳಿಗೆ ಗೊತ್ತೇ ಆಗಲಿಲ್ಲ.

ಆಮೇಲೆ ಗೊತ್ತಾಯಿತು. ಕಾಲು ನಡುಗಿತು, ಓಲಾಡಿದಳು, ಬಾಗಿಲ ಕಡೆ ತಿರುಗಿ ಅವ್ವನ ಮುಖ ನೋಡಿದಳು. ಸಿದ್ದವ್ವನ ಗಂಟಲಿಗೆ ಕೂಗು ಬಂದಿತ್ತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು, ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೊನ್ನಿ ಮುಗ್ಗರಿಸಿ ಬಿದ್ದಳು. ಮುಖವೆಲ್ಲ ಕೆಂಪು ಮಣ್ಣು. ತಲೆಯೆತ್ತಿ ಮತ್ತೆ ಅವ್ವನನ್ನು ನೋಡಿದಳು. ಆ ಒಂದು ಗಳಿಗೆ ಸಿದ್ದವ್ವ ಏನು ಪಟ್ಟಳೋ ಅವಳಿಗೇ ಗೊತ್ತು. ಸೆರಗು ತೆಗೆದಳು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಕ್ಕಳು.

“ಏಳು ಹೊನ್ನೀ,” ಅಂದಳು. “ಮಣ್ಣು ಮೆತ್ತಗದೆ, ಏಳವ್ವಾ.”

ಹೊನ್ನಿ ಕೈಯೂರಿ ಎದ್ದಳು. ತೂರಾಡುತ್ತಾ ನಡೆದಳು. ಕೆಂಚಣ್ಣನ ಎದೆಯ ಮೇಲೆ ಹೋಗಿ ಕುದುರೆ ಹತ್ತಿದ ಹಾಗೆ ಕೂತಳು. ಅವನು ಬಿದ್ದಲ್ಲಿಂದ ಏಳಲೇ ಇಲ್ಲ, ಮಲಗಿಕೊಂಡೇ ನಗುತ್ತಿದ್ದನಂತೆ.

ಎಲ್ಲ ಮುಗಿದ ಮೇಲೆ ಕೆಂಚಣ್ಣ ಎದ್ದು, ಗದೆಯನ್ನು ಹೊತ್ತು ತಂದು ಮದಾರ್ ಸಾಬಿಯ ಮುಂದೆ ಇಟ್ಟ. ಮಗು ತಳ್ಳಿದ್ದು ಕುಸ್ತಿಯಲ್ಲ, ಲೆಕ್ಕಕ್ಕಿಲ್ಲ ಅಂತ ಶಿಷ್ಯರು ಗೋಗರೆದರು. ಬೆನ್ನಿಗೆ ಹತ್ತಿದ ಮಣ್ಣು ಸುಳ್ಳು ಹೇಳುವುದಿಲ್ಲ ಅಂದನಂತೆ ಕೆಂಚಣ್ಣ. ಬಾಗಿಲು ಹಾಕಿಕೊಂಡು ಬಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವಲ್ಲ ಅಂತ ಒಬ್ಬ ಕೇಳಿದ್ದಕ್ಕೆ, ಕದ್ದು ಬಿದ್ದರೆ ಹೆದರಿಕೆ ಹೋಗುವುದಿಲ್ಲ ಕಣೋ ಅಂದನಂತೆ.

ಮದಾರ್ ಸಾಬಿ ಗದೆಯನ್ನು ನೋಡಿದ, ಕೆಂಚಣ್ಣನ ಬೆನ್ನನ್ನು ನೋಡಿದ. ಎಷ್ಟೋ ವರ್ಷದಿಂದ ಆ ಬೆನ್ನಿನ ಮೇಲೆ ಮಣ್ಣು ಕಾಣಬೇಕು ಅಂತ ಕಾದಿದ್ದವನು ಅವನು.

“ಕೆಡವಿದೋರ್ಗೆ ಗದೆ ಸೇರ್ಬೇಕು ಉಸ್ತಾದ್,” ಅಂದ. “ಕೆಡವಿದ್ದು ನಾನಲ್ಲ.”

ಅವನೇ ಗದೆಯನ್ನು ಹೊತ್ತುಕೊಂಡು ಗಾಣದ ಮನೆಗೆ ಹೋಗಿ ಹೊನ್ನಿ ಮಲಗುವ ಚಾಪೆಯ ಪಕ್ಕ ಒರಗಿಸಿ ಬಂದನಂತೆ. ಆಚೆ ದಡದವರು ಇದನ್ನೇ ಬೇರೆ ಥರ ಹೇಳುತ್ತಾರೆ, ಗದೆ ಒಂದು ದಿನ ತಮ್ಮ ಗರಡಿಯಲ್ಲಿತ್ತು ಅಂತ. ಹೇಳಿಕೊಳ್ಳಲಿ ಪಾಪ.

ಅವತ್ತು ಮಧ್ಯಾಹ್ನ ಜನರೆಲ್ಲ ಊಟಕ್ಕೆ ಹೋದಾಗ ಕೆಂಚಣ್ಣ ಮಟ್ಟಿಯಲ್ಲೇ ಅಂಗಾತ ಮಲಗಿ ನಿದ್ದೆ ಹೋದ. ಹೆಂಡತಿ ಕರೆಯಲು ಬಂದವಳು ಅವನು ಕೈಕಾಲು ಚಾಚಿ ಮಲಗಿದ್ದನ್ನು ನೋಡಿ, ಎಬ್ಬಿಸದೆ ಪಕ್ಕದಲ್ಲಿ ಕೂತು ನೊಣ ಓಡಿಸಿದಳಂತೆ. ಆ ರಾಗಿಮೂಟೆ ಅಟ್ಟಕ್ಕೆ ಹೋಯಿತು.

ಗದೆ ಗಾಣದ ಮನೆಯಲ್ಲೇ ಬಹಳ ಕಾಲ ಇತ್ತು. ಗಾಳಿಗೆ ಬಾಗಿಲು ಬಡಿದುಕೊಳ್ಳದ ಹಾಗೆ ಸಿದ್ದವ್ವ ಅದನ್ನೇ ಒತ್ತು ಕೊಡುತ್ತಿದ್ದಳಂತೆ. ಹೊನ್ನಿ ಬೆಳೆದಳು, ಕಾಲು ಗಟ್ಟಿಯಾದವು. ಎತ್ತಿಗೆ ಹುಷಾರಿಲ್ಲದ ದಿನ ಅವಳೇ ಗಾಣ ಎಳೆಯುತ್ತಿದ್ದಳು ಅಂತಾರೆ. ಒಂದು ನಾಗರ ಪಂಚಮಿಯ ದಿನ ಅವಳು ಆ ಗದೆಯನ್ನು ಹೆಗಲ ಮೇಲಿಟ್ಟುಕೊಂಡು, ಊರ ನಡುವೆ ನಡೆದುಕೊಂಡು ಬಂದು, ಗರಡಿಯ ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ, ಮುಪ್ಪಾಗಿದ್ದ ಕೆಂಚಣ್ಣನ ಪಾದದ ಹತ್ತಿರ ಇಟ್ಟಳಂತೆ. ಅವನು ಅವಳ ಕಾಲುಗಳನ್ನೇ ನೋಡುತ್ತಾ ಕೂತಿದ್ದನಂತೆ.

ಕೆಂಚಣ್ಣ ಹೋದ, ಹೊನ್ನಿಯೂ ಹೋದಳು. ಗರಡಿ ಇದೆ. ಈಗಲೂ ಆ ಊರಲ್ಲಿ ಮಗು ಮೊದಲ ಹೆಜ್ಜೆ ಇಡುವ ಕಾಲ ಬಂದರೆ ಎತ್ತಿಕೊಂಡು ಗರಡಿಗೆ ಬರುತ್ತಾರೆ. ಗಂಡುಮಗುವೋ ಹೆಣ್ಣುಮಗುವೋ ಕೇಳುವುದಿಲ್ಲ, ಯಾವ ಜಾತಿ ಕೇಳುವುದಿಲ್ಲ. ಆ ಮನೆಯಲ್ಲಿ ಯಾರ ಮಾತಿಗೆ ಎಲ್ಲರೂ ನಡುಗುತ್ತಾರೋ ಅವರೇ ಮಟ್ಟಿಯಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಮಗು ತಳ್ಳಬೇಕು, ಅವರು ಅಂಗಾತ ಬೀಳಬೇಕು. ಅವರು ಬಿದ್ದು ನಕ್ಕ ಮೇಲೆಯೇ ಮಗುವಿನ ಕೈ ಬಿಡುವುದು. ಮಗು ಬಿದ್ದಾಗ ತಾಯಿ ಹೊಸ್ತಿಲ ಮೇಲೆ ಕೂತು ‘ಮಣ್ಣು ಮೆತ್ತಗದೆ, ಏಳವ್ವಾ’ ಅನ್ನಬೇಕು, ಗಂಡುಮಗುವಾದರೆ ‘ಏಳಪ್ಪಾ’. ಮನೆಯ ಯಜಮಾನ ಬೆನ್ನಿಗೆ ಹತ್ತಿದ ಕೆಂಪು ಮಣ್ಣಿನಲ್ಲೇ ಬೀದಿಯಲ್ಲಿ ನಡೆದು ಮನೆಗೆ ಹೋಗುತ್ತಾನೆ. ಅವತ್ತು ಸಾಯಂಕಾಲದವರೆಗೆ ಆ ಮಣ್ಣನ್ನು ಯಾರೂ ಕೊಡವುವುದಿಲ್ಲ.