ಪೂಜೆಯ ತಂಬಿಗೆ ಮತ್ತು ಏಸಿಯ ನೀರು

ನಲ್ಲಿಯಲ್ಲಿ ನೀರು ನಿಂತು ನಾಲ್ಕು ದಿನವಾಗಿ ಬಾಲ್ಕನಿಯ ತುಳಸಿ ಬಾಡಿದ್ದಳು. ಪಕ್ಕದಲ್ಲೇ ಏಸಿಯ ಕೊಳವೆಯಿಂದ ಹನಿಹನಿಯಾಗಿ ಬಕೆಟ್ಟು ತುಂಬುತ್ತಿತ್ತು. ಭಗವಂತನ ಕೃಪೆಗೆ ಇಂಥದೇ ದಾರಿ ಎಂದುಂಟೇ?

"ತಂಬಿಗೆಯಣ್ಣಾ, ನನ್ನಿಂದ ಮೊಗೆದು ತಾಯಿಗೆ ಎರೆಯಪ್ಪಾ" ಎಂದಿತು ಬಕೆಟ್ಟು.

"ಯಂತ್ರದ ಬೆವರನ್ನು ದೇವಿಗೆ ಎರೆಯಲೇ? ಮುಟ್ಟಿದರೆ ನನ್ನ ಮಡಿ ಏನಾದೀತು?" ಎಂದು ಪೂಜೆಯ ತಂಬಿಗೆ ಗದರಿತು. "ನಲ್ಲಿ ಬರಲಿ, ತಡಿ."

"ಬಾಯಾರಿದೆ, ಮಗನೇ. ಯಾವ ನೀರಾದರೂ ಸರಿ" ಎಂದಳು ತುಳಸಿ.

"ದೇವರಾದವರು ಬಾಯಾರಿದೆ ಎನ್ನಬಾರದಮ್ಮಾ!"

ಆರನೆಯ ದಿನ ನಲ್ಲಿ ಬಂತು. ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಕುಂಡದಲ್ಲಿ ಒಣಕಡ್ಡಿಯಷ್ಟೇ ಉಳಿದಿತ್ತು. ತಂಬಿಗೆ ಆ ಕಡ್ಡಿಗೇ ಭಕ್ತಿಯಿಂದ ನೀರೆರೆದು, ತುಂಬಿ ಚೆಲ್ಲುತ್ತಿದ್ದ ಬಕೆಟ್ಟಿನ ಕಡೆ ತಿರುಗಿ ಹೇಳಿತು: "ನೋಡಿದೆಯಾ, ಮಡಿ ಕೆಡಲಿಲ್ಲ."